ಇಂದಿನ ಧಮ್ಮಚಿಂತನೆ: ನಾಯಿ ಬಂದು ಕಾಲಿಗೆ ಒರಗುವುದು ಯಾಕೆ?

ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ನಮ್ಮ ಹಿರಿಯ ಉಪಾಸಿಕೆಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಮೇಷ್ಟ್ರೇ, ಬಸ್ಸಿಗ ಕಾಯ್ಕಂಡು ನಿಂತಿದ್ರ ಒಂದು ಬೀದಿನಾಯಿ ಬಂದು ನನ್ ಕಾಲ್ಗ ಒರಗ್ಕಂಡು ನಿಂತ್ಕತದ. ತಿನ್ನಕ್ಕೂ ಕೇಳಲ್ಲ, ಬೊಗಳದೂ ಇಲ್ಲ. ಸುಮ್ನ ಭಾರ ಬುಟ್ಟು ನಿಂತ್ಕತದ. ಅದ್ಯಾಕ ಹಂಗ?"

ನಾನು ಬಾಯಿ ತೆರೆಯುವ ಮೊದಲೇ ಕಾಲೇಜಿಗೆ ಹೋಗುವ ಹುಡುಗನೊಬ್ಬ, "ಅಜ್ಜಿ, ಅದು ನಿನ್ ಮ್ಯಾಲ ದರ್ಬಾರ್ ಮಾಡಕ್ಕ ನೋಡ್ತದ. ನಾನೇ ಯಜಮಾನ ಅಂತ ತೋರ್ಸದು. ಯೂಟ್ಯೂಬಲ್ಲಿ ಹೇಳವ್ರ. ಮೊಣಕಾಲಲ್ಲಿ ನೂಕ್ಬುಡು" ಎಂದ. ಅಲ್ಲೇ ಕೂತಿದ್ದ ನಿವೃತ್ತ ನೌಕರರೊಬ್ಬರು ಲೋಟ ಕೆಳಗಿಟ್ಟು, "ನಾಯಿನ ಮನ ಒಳಕ್ಕ ಬುಟ್ಕಳ ಜನ ನಮ್ಮಪ್ಪನ್ನ ಜಗುಲಿ ಹತ್ತಕ್ಕ ಬುಡ್ನಿಲ್ಲ. ನಾಯಿ ಪುರಾಣ ನಮಗ್ಯಾಕ ಮೇಷ್ಟ್ರೇ?" ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಈ ವಾರ ಚಿಂತನೆ ಬರೆಯುವ ಸರದಿ ನನ್ನದು. ಬೇರೆ ವಿಷಯ ಹುಡುಕುವ ಬದಲು ಇದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ.

ಮೊದಲು ಅಜ್ಜಿಯ ಪ್ರಶ್ನೆ. ನಾಯಿಮರಿ ಹುಟ್ಟಿದಾಗ ಅದಕ್ಕೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಕಣ್ಣು ತೆರೆಯಲು ಹೆಚ್ಚುಕಡಿಮೆ 10ರಿಂದ 14 ದಿನ ಬೇಕು. ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಆಗ ಇರುವುದಿಲ್ಲ. ಅದಕ್ಕೇ ಮರಿಗಳು ಒಂದರ ಮೇಲೊಂದು ಬಿದ್ದು, ತಾಯಿಯ ಹೊಟ್ಟೆಗೆ ಒತ್ತಿಕೊಂಡು ಗುಪ್ಪೆಯಾಗಿ ಮಲಗುತ್ತವೆ. ಪಕ್ಕದಲ್ಲಿ ಇನ್ನೊಂದು ಮೈ ತಾಗಿದರೆ ಬದುಕಿದ್ದೇನೆ, ಬೆಚ್ಚಗಿದ್ದೇನೆ ಎಂದರ್ಥ. ತಾಗದಿದ್ದರೆ ಚಳಿ, ಹಸಿವು, ಕುಂಯ್‌ಗುಡುವ ಅಳು. ನೋಡುವುದಕ್ಕೂ ಕೇಳುವುದಕ್ಕೂ ಮೊದಲು ಆ ಜೀವ ಕಲಿಯುವ ಪಾಠ ಇದೊಂದೇ. ಬೆಳೆದ ಮೇಲೂ ಅದು ಮರೆಯುವುದಿಲ್ಲ.

ಆದ್ದರಿಂದ ನಾಯಿ ಒರಗುವುದಕ್ಕೆ ಒಂದೇ ಕಾರಣ ಇಲ್ಲದಿದ್ದರೂ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ. ಗುಡುಗು ಬಂದಾಗ, ದೀಪಾವಳಿಯ ಪಟಾಕಿ ಹೊಡೆದಾಗ, ಗುರುತಿಲ್ಲದ ನಾಯಿಗಳ ಗುಂಪು ಎದುರಾದಾಗ ಅದು ಹತ್ತಿರ ಇರುವ ಮನುಷ್ಯನ ಕಾಲಿಗೆ ಪಕ್ಕೆ ಕೊಟ್ಟು ನಿಲ್ಲುತ್ತದೆ. ಗಮನಿಸಿ ನೋಡಿ, ಎಷ್ಟೋ ಸಲ ಅದರ ಮುಖ ನಮ್ಮ ಕಡೆ ಇರುವುದೇ ಇಲ್ಲ. ಬೆನ್ನೋ ಪಕ್ಕೆಯೋ ನಮಗೆ, ಕಣ್ಣು ರಸ್ತೆಗೆ. ಹಿಂದುಗಡೆ ನೀನಿದ್ದೀಯ, ಮುಂದುಗಡೆ ನಾನು ನೋಡಿಕೊಳ್ಳುತ್ತೇನೆ ಎಂಬಂತೆ. ಭಯವೇನೂ ಇಲ್ಲದಾಗಲೂ ಒರಗುತ್ತದೆ. ಒಮ್ಮೆ ಒರಗಿದಾಗ ಯಾರೋ ಕಿವಿಯ ಹಿಂದೆ ಕೆರೆದಿರುತ್ತಾರೆ, ಅದು ನೆನಪಿರುತ್ತದೆ. ಮೂತಿಯಿಂದ ಕೈ ತಿವಿಯುವುದು, ಮೊಣಕಾಲು ನೂಕುವುದು ಸಾಮಾನ್ಯವಾಗಿ ಏನನ್ನೋ ಕೇಳುವ ಮಾತು: ಏಳು, ಬಾಗಿಲು ತೆಗೆ, ನನ್ನ ಕಡೆ ನೋಡು. ಮುದಿ ನಾಯಿ ಕೀಲುನೋವಿಗೆ, ಮಂಜಾದ ಕಣ್ಣಿಗೆ ಆಸರೆ ಬೇಕಾಗಿ ಒರಗುವುದೂ ಉಂಟು.

ಅನ್ನಕ್ಕಾಗಿಯೇ ಬರುತ್ತದೆ, ಬೇರೇನೂ ಇಲ್ಲ ಎನ್ನುವವರಿದ್ದಾರೆ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ನಮ್ಮ ದೇಶದ ಬೀದಿನಾಯಿಗಳನ್ನೇ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. 2017ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅಪರಿಚಿತ ವ್ಯಕ್ತಿಯೊಬ್ಬ ಕೆಲವು ಬೀದಿನಾಯಿಗಳಿಗೆ ಮತ್ತೆ ಮತ್ತೆ ಹೆಚ್ಚುವರಿ ತಿನಿಸು ಕೊಟ್ಟ. ಇನ್ನು ಕೆಲವಕ್ಕೆ ತಿನಿಸಿನ ಬದಲು ತಲೆ ಸವರಿದ. ಮೊದಮೊದಲು ಅಪರಿಚಿತರ ಕೈಯಿಂದ ತಿನ್ನಲೂ ಹಿಂಜರಿಯುತ್ತಿದ್ದ ನಾಯಿಗಳಲ್ಲಿ, ತಿನಿಸು ಪಡೆದವಕ್ಕಿಂತ ಸವರಿಸಿಕೊಂಡವಕ್ಕೆ ಆ ಮನುಷ್ಯನ ಮೇಲೆ ನಂಬಿಕೆ ಹೆಚ್ಚು ಬೆಳೆಯಿತು. ಇವು ಶ್ರೀಮಂತರ ಮನೆಯ ನಾಯಿಗಳಲ್ಲ. ಹೊಟ್ಟೆಗೆ ಸರಿಯಾಗಿ ಇಲ್ಲದ, ದಿನವೂ ಕಲ್ಲೇಟು ತಿನ್ನುವ ನಾಯಿಗಳು. ಹಸಿದ ಜೀವಕ್ಕೂ ಅನ್ನವೊಂದೇ ಸಾಲುವುದಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಇನ್ನು ಹುಡುಗನ ಮಾತು. ಅವನದು ತಪ್ಪಲ್ಲ, ಅರ್ಧ ಜಗತ್ತು ಹಾಗೆಯೇ ನಂಬಿತ್ತು. ಆ ನಂಬಿಕೆ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಮಗೆ ಗೊತ್ತಿರುವ ಒಂದು ಮೋಸ ಇದೆ.

1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದರು. ಅವು ಮೇಲುಕೀಳಿಗಾಗಿ ಸದಾ ಕಚ್ಚಾಡುತ್ತವೆ, ಗೆದ್ದದ್ದು ದೊರೆಯಾಗುತ್ತದೆ ಎಂದು. 1970ರಲ್ಲಿ ಡೇವಿಡ್ ಮೀಚ್ ಎಂಬ ಅಮೆರಿಕದ ವಿಜ್ಞಾನಿ ತೋಳಗಳ ಬಗ್ಗೆ ಬರೆದ ಪುಸ್ತಕ ಈ ವಿಚಾರವನ್ನು ಎಲ್ಲೆಡೆ ಹರಡಿತು. ನಾಯಿ ತೋಳದ ವಂಶ, ಆದ್ದರಿಂದ ನಾಯಿಯೂ ಮನೆಯಲ್ಲಿ ದೊರೆಯಾಗಲು ನೋಡುತ್ತದೆ, ಒರಗಿದರೆ ಜಾಗ ಕಬಳಿಸುತ್ತಿದೆ, ಮೊದಲು ಬಾಗಿಲು ದಾಟಿದರೆ ಅಧಿಕಾರ ತೋರಿಸುತ್ತಿದೆ, ಅದನ್ನು ತುಳಿದು ಇಡಬೇಕು ಎಂದು ನಾಯಿ ಪಳಗಿಸುವವರು ಹೇಳತೊಡಗಿದರು. ಆಮೇಲೆ ಅದೇ ಮೀಚ್ ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆ ಕಾಲ ಕಾಡುತೋಳಗಳ ನಡುವೆ ಕೂತು ನೋಡಿದರು. 1999ರಲ್ಲಿ ಅವರು ಬರೆದದ್ದೇ ಬೇರೆ. ಕಾಡಿನಲ್ಲಿ ತೋಳದ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಮುಂದೆ ನಡೆಯುವುದು ಗೆದ್ದ ದೊರೆಯಲ್ಲ, ಹೆತ್ತವರು.

ಹಾಗಾದರೆ ಮೃಗಾಲಯದಲ್ಲಿ ಕಂಡದ್ದು ಸುಳ್ಳೇ? ಸುಳ್ಳಲ್ಲ. ಸಂಬಂಧವೇ ಇಲ್ಲದ ತೋಳಗಳನ್ನು ತಂದು ತಪ್ಪಿಸಿಕೊಳ್ಳಲಾಗದ ಬೇಲಿಯೊಳಗೆ ತುಂಬಿದರೆ ಕಚ್ಚಾಡುತ್ತವೆ. ಬೇಲಿ ಹಾಕಿದವರು ತಾವು, ಕಚ್ಚಾಟ ಮಾತ್ರ ಅವುಗಳ ಹುಟ್ಟುಗುಣ! ಈ ತರ್ಕ ನಮಗೆ ಹೊಸದೇ ಬಂಧುಗಳೇ? ಕೇರಿಗೆ ಬೇಲಿ ಹಾಕಿ, ಬಾವಿ ಮುಚ್ಚಿ, ಅಕ್ಷರ ಕಿತ್ತುಕೊಂಡು, ಆಮೇಲೆ ಇವರ ಸ್ವಭಾವವೇ ಹೀಗೆ ಎಂದು ಬರೆದವರ ಪುಸ್ತಕಗಳನ್ನು ನಾವು ಓದಿದ್ದೇವೆ. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದು ಬರೀ ಸಮಾಜದ ಏಣಿಯಲ್ಲ, ಅದು ಕಣ್ಣಿಗೂ ಅಂಟಿಕೊಳ್ಳುತ್ತದೆ. ಯಾರಾದರೂ ಹತ್ತಿರ ಬಂದರೆ ಇವನು ನನಗಿಂತ ಮೇಲೋ ಕೆಳಗೋ ಎಂದು ಮೊದಲು ಅಳೆಯುವ ಕಣ್ಣಿಗೆ, ಹೆದರಿದ ನಾಯಿಯೊಂದು ಕಾಲಿಗೆ ಒರಗಿದರೂ ದಂಗೆ ಎದ್ದಂತೆ ಕಾಣುತ್ತದೆ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಅದನ್ನು ಹಗುರವಾಗಿ ದಾಟುವಂತಿಲ್ಲ.

ಎಂ.ಎ. ಓದುವಾಗ ಹಳಗನ್ನಡ ಪಠ್ಯದ ಟಿಪ್ಪಣಿಯಲ್ಲಿ "ಶ್ವಪಚ" ಎಂಬ ಪದ ಬಂತು. ನಾಯಿಯನ್ನು ಬೇಯಿಸಿ ತಿನ್ನುವವನು ಎಂದು ಅರ್ಥ. ಹುಡುಕಿದೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲ ಮತ್ತು ಶ್ವಪಚರು ಊರ ಹೊರಗೆ ಇರಬೇಕು, ಅವರ ಸಂಪತ್ತು ನಾಯಿ ಮತ್ತು ಕತ್ತೆ ಮಾತ್ರ ಎನ್ನುತ್ತದೆ. ಅಂದರೆ ನಾಯಿಯನ್ನೂ ನಮ್ಮನ್ನೂ ಒಂದೇ ಆಜ್ಞೆಯಲ್ಲಿ ಊರಾಚೆಗೆ ತಳ್ಳಿದರು. ಆದರೆ ನಡವಳಿಕೆಯಲ್ಲಿ ನಾಯಿಗೆ ವಿನಾಯಿತಿ ಸಿಕ್ಕಿತು, ನಮಗೆ ಸಿಗಲಿಲ್ಲ. ಮಹಾಡಿನ ಚವದಾರ್ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು, ಅಸ್ಪೃಶ್ಯ ಎನಿಸಿಕೊಂಡ ಮನುಷ್ಯ ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅಲ್ಲಿ ಬೊಗಸೆ ನೀರು ಕುಡಿದರು. ಊರವರು ದಾಳಿ ಮಾಡಿದರು, ಆಮೇಲೆ ಪಂಚಗವ್ಯ ಸುರಿದು ಕೆರೆ ಶುದ್ಧವಾಯಿತು ಎಂದುಕೊಂಡರು. ನಾಯಿ ಕುಡಿದಾಗ ಬೇಕಾಗದ ಶುದ್ಧಿ! ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು ಯಾಕೆ ಎಂದು ಮಕ್ಕಳು ಕೇಳಿದರೆ ಇದನ್ನು ಹೇಳಿ.

ನನ್ನ ಬಾಲ್ಯದ್ದೊಂದು ನೆನಪು. ನಮ್ಮ ಊರಿನ ಪಕ್ಕದ ಹೋಬಳಿಯಲ್ಲಿ ಒಂದು ಟೀ ಅಂಗಡಿ. ಒಳಗೆ ಬೆಂಚು, ಬೆಂಚಿನ ಕೆಳಗೆ ಕಂದು ಬಣ್ಣದ ಒಂದು ನಾಯಿ. ಗಿರಾಕಿಗಳ ಕಾಲಿಗೆ ಮೈ ಉಜ್ಜಿಕೊಂಡು ಅಲ್ಲೇ ಬಿದ್ದಿರುತ್ತಿತ್ತು. ಅಪ್ಪನಿಗೆ ಟೀ ಹೊರಗೆ. ಲೋಟ ಬೇರೆ, ಸೂರಿನ ಕೆಳಗೆ ಸಿಕ್ಕಿಸಿ ಇಡುತ್ತಿದ್ದದ್ದು. ಕುಡಿದು ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಟೀಯನ್ನು ಎತ್ತರದಿಂದ ಹೊಯ್ಯುತ್ತಿದ್ದರು, ಕೈಗೆ ಕೈ ತಾಗದ ಹಾಗೆ. ದುಡ್ಡನ್ನು ಕಟ್ಟೆಯ ಮೇಲೆ ಇಡಬೇಕು, ಅವರು ಆಮೇಲೆ ಎತ್ತಿಕೊಳ್ಳುತ್ತಿದ್ದರು. ಅಪ್ಪ ಹೊರಗೆ ಬಿಸಿಲಲ್ಲಿ ನಿಂತು ಕುಡಿಯುವಾಗ ಆ ನಾಯಿ ಬೆಂಚಿನ ಕೆಳಗಿಂದ ಎದ್ದು ಬಂದು ಅವನ ಕಾಲಿಗೆ ಒರಗಿಕೊಳ್ಳುತ್ತಿತ್ತು. ಅಪ್ಪ ಅದನ್ನು ಸವರುತ್ತಲೂ ಇರಲಿಲ್ಲ, ಒದೆಯುತ್ತಲೂ ಇರಲಿಲ್ಲ. ಟೀ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿರುತ್ತಿದ್ದ. ಆ ಅಂಗಡಿಯಲ್ಲಿ ಅವನನ್ನು ಮುಟ್ಟುತ್ತಿದ್ದ ಜೀವ ಅದೊಂದೇ.

ಹಿರಿಯರ ಸಿಟ್ಟು ನ್ಯಾಯವಾದದ್ದು. ಆದರೆ ಎತ್ತರದಿಂದ ಟೀ ಹೊಯ್ದದ್ದು ನಾಯಿಯಲ್ಲ. ಚವದಾರ್ ಕೆರೆಯಿಂದ ನಾಯಿಗಳನ್ನು ಓಡಿಸಿ ಎಂದು ಬಾಬಾಸಾಹೇಬರು ಕೇಳಲಿಲ್ಲ, ನಾವೂ ಮನುಷ್ಯರು ಎಂದು ಸಾಧಿಸಲು ಹೋದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ದಯೆ ತೋರಿ ಕಾಪಾಡುವುದು. ಒಂದು ಕ್ಷಣ ಯೋಚಿಸಿ. ಅಷ್ಟೆಲ್ಲ ಉಂಡ ಜನರ ಬಾಯಲ್ಲಿ ಈ ಮಾತನ್ನು ಸೇರಿಸಬೇಕು ಎಂದು ಅವರಿಗೆ ಅನ್ನಿಸಿತಲ್ಲ. ತಮ್ಮ ಜನ ಬರೀ ಕಷ್ಟ ಪಟ್ಟವರಾಗಿ ಉಳಿಯಬಾರದು, ದಯೆ ಕೊಡಬಲ್ಲವರೂ ಆಗಬೇಕು ಎಂಬ ಹೆಮ್ಮೆ ಅದರಲ್ಲಿದೆ ಎಂದು ನನಗೆ ಕಾಣುತ್ತದೆ.

ಇದಕ್ಕೆ ಸರಿಹೊಂದುವ ಕಥೆ ಜಾತಕಗಳಲ್ಲಿದೆ. 22ನೆಯದು, ಕುಕ್ಕುರ ಜಾತಕ. ಪಾಳಿಯಲ್ಲಿ ಕುಕ್ಕುರ ಎಂದರೆ ನಾಯಿ. (ಹಿಂದಿನ ಜನ್ಮದ ವರದಿ ಎಂದು ಇದನ್ನು ಓದಬೇಕಾಗಿಲ್ಲ. ಆತ್ಮದ ಪುನರ್ಜನ್ಮವನ್ನು ಬಾಬಾಸಾಹೇಬರು ಒಪ್ಪಿಲ್ಲ. ಕಥೆಯಾಗಿ ಓದೋಣ.)

ವಾರಾಣಸಿಯ ರಾಜ ಉದ್ಯಾನಕ್ಕೆ ಹೋಗಿಬಂದ. ರಥವನ್ನು ಅಂಗಳದಲ್ಲೇ ಬಿಟ್ಟರು. ರಾತ್ರಿ ಮಳೆ ಬಂದು ರಥದ ಚರ್ಮದ ಪಟ್ಟಿಗಳು ನೆನೆದವು. ಅರಮನೆಯ ಜಾತಿನಾಯಿಗಳು ಇಳಿದು ಬಂದು ಅವನ್ನು ಕಡಿದು ತಿಂದವು. ಬೆಳಿಗ್ಗೆ ಸೇವಕರು, ನಾಯಿಗಳು ಚರಂಡಿಯ ಕಿಂಡಿಯಲ್ಲಿ ನುಗ್ಗಿ ತಿಂದಿವೆ ಎಂದು ವರದಿ ಒಪ್ಪಿಸಿದರು. ಚರಂಡಿ ಎಂದ ಮೇಲೆ ಹೊರಗಿನವೇ ಅಲ್ಲವೇ? ಕಂಡ ಕಂಡ ನಾಯಿಯನ್ನು ಕೊಲ್ಲಿ ಎಂದು ರಾಜಾಜ್ಞೆ ಆಯಿತು. ಉಳಿದ ನಾಯಿಗಳು ಮಸಣಕ್ಕೆ ಓಡಿದವು. ಅಲ್ಲಿ ನಾಯಿಗಳ ಹಿರಿಯನಾಗಿ ಬೋಧಿಸತ್ವನಿದ್ದ. ಮಸಣದ ನಾಯಿ, ಗಮನಿಸಿ. ಅವನು ಒಬ್ಬನೇ ಮೈತ್ರಿಯನ್ನು ಮನಸ್ಸಿನಲ್ಲಿ ತುಂಬಿಕೊಂಡು ನಗರದೊಳಗೆ ನಡೆದ. ಯಾರೂ ಕಲ್ಲೆತ್ತಲಿಲ್ಲ. ನೇರ ನ್ಯಾಯಸಭೆಗೆ ಹೋಗಿ ರಾಜನ ಪೀಠದ ಕೆಳಗೆ ಸೇರಿಕೊಂಡ. ಹೊರಗೆಳೆಯಲು ಬಂದವರನ್ನು ರಾಜನೇ ತಡೆದ.

ಆಮೇಲೆ ನಡೆದದ್ದು ಒಂದು ಪಾಟೀಸವಾಲು. ನಾಯಿಗಳನ್ನು ಕೊಲ್ಲಿಸುತ್ತಿರುವುದು ನೀನೆಯೋ? ಹೌದು. ಅವು ಮಾಡಿದ ತಪ್ಪು? ರಥದ ಚರ್ಮ ತಿಂದವು. ಯಾವ ನಾಯಿ ತಿಂದದ್ದು? ಗೊತ್ತಿಲ್ಲ. ಗೊತ್ತಿಲ್ಲದೆ ಎಲ್ಲವನ್ನೂ ಕೊಲ್ಲಿಸುತ್ತೀಯೋ, ಕೆಲವಕ್ಕೆ ವಿನಾಯಿತಿ ಇದೆಯೋ? ಅರಮನೆಯ ನಾಯಿಗಳಿಗೆ ಇದೆ. ಅಲ್ಲಿಗೆ ಬೋಧಿಸತ್ವ ಹೇಳಿದ: ಹಾಗಾದರೆ ಇದು ತಪ್ಪಿಗೆ ಶಿಕ್ಷೆಯಲ್ಲ, ಬಡವರ ಕೊಲೆ. ಮಜ್ಜಿಗೆಯಲ್ಲಿ ದರ್ಭೆ ಹುಲ್ಲನ್ನು ಅರೆದು ಅರಮನೆಯ ನಾಯಿಗಳಿಗೆ ಕುಡಿಸಲು ಹೇಳಿದ. ಕುಡಿಸಿದರು. ಅವು ಚರ್ಮದ ಚೂರುಗಳನ್ನು ವಾಂತಿ ಮಾಡಿದವು. ರಾಜ ತನ್ನ ಶ್ವೇತಛತ್ರವನ್ನೇ ಆ ನಾಯಿಗೆ ಒಪ್ಪಿಸಿ, ಎಲ್ಲ ಜೀವಿಗಳಿಗೂ ಅಭಯ ಕೊಟ್ಟ.

ಹುಟ್ಟಿನಿಂದ ನಿರಪರಾಧಿ, ಹುಟ್ಟಿನಿಂದ ಅಪರಾಧಿ ಎಂಬ ವಿಂಗಡಣೆಯನ್ನು ಇಷ್ಟು ಚೆನ್ನಾಗಿ ಬಯಲು ಮಾಡಿದ ಕಥೆಯನ್ನು ನಾನು ಬೇರೆ ಕಂಡಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಹೇಳಿದಾಗ ಒಬ್ಬಳು ತಟ್ಟನೆ, "ಸರ್, ಆ ವರದಿ ಕೊಟ್ಟೋರಿಗೆ ಮಜ್ಜಿಗೆ ಕುಡಿಸ್ಲಿಲ್ವಾ?" ಎಂದಳು.

ಇಷ್ಟೆಲ್ಲ ಹೇಳಿ ಕಂಡ ನಾಯಿಯನ್ನೆಲ್ಲ ತಬ್ಬಿಕೊಳ್ಳಿ ಎನ್ನುತ್ತಿಲ್ಲ. ಮೈತ್ರಿಯ ಜೊತೆಗೇ ಬುದ್ಧರು ಹೇಳಿದ್ದು ಅಪ್ಪಮಾದ, ಎಚ್ಚರ. ಮೈ ಸಡಿಲಬಿಟ್ಟು ಪಕ್ಕೆ ಕೊಟ್ಟು ನಿಂತ ನಾಯಿ ಬೇರೆ. ಮೈ ಸೆಟೆಸಿ, ಕಣ್ಣು ನೆಟ್ಟು, ಗುರ್ರ್ ಎನ್ನುವ ನಾಯಿ ಬೇರೆ. ಒರಗಿದ ನಾಯಿ ನಿಮಗೆ ಬೇಡವಾದರೆ ಒದೆಯದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅದಕ್ಕೆ ಅರ್ಥವಾಗುತ್ತದೆ. ಬೇಕಾದರೆ ಎದೆಯ ಬಳಿ, ಕತ್ತಿನ ಪಕ್ಕ ಕೆರೆಯಿರಿ. ಗುರುತಿಲ್ಲದ ನಾಯಿಯ ತಲೆಯ ಮೇಲಿಂದ ಕೈ ತರಬೇಡಿ, ಹೊಡೆತ ತಿಂದದ್ದಕ್ಕೆ ಅದು ಏಟಿನಂತೆ ಕಾಣುತ್ತದೆ. ಮನುಷ್ಯರನ್ನು ಬಿಟ್ಟು ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುವ ನಾಯಿ ಪ್ರೀತಿ ಕೇಳುತ್ತಿಲ್ಲ, ಅದು ಮಿದುಳಿನ ಅಥವಾ ಯಕೃತ್ತಿನ ಕಾಯಿಲೆಯ ಲಕ್ಷಣ ಇರಬಹುದು, ಪಶುವೈದ್ಯರಿಗೆ ತಿಳಿಸಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಖಾರದ ಪುಡಿ, ನಾಟಿ ಔಷಧಿ ಯಾವುದೂ ಬೇಡ. ರೇಬೀಸ್ ಒಮ್ಮೆ ತಲೆಗೇರಿದರೆ ಉಳಿಸುವುದು ಅಸಾಧ್ಯ ಎನ್ನುವಷ್ಟು ಕಷ್ಟ.

ನಾಯಿ ಕಾಟ ಹೆಚ್ಚಾಗಿ ಬೀಳುವುದೂ ನಮ್ಮ ಕೇರಿಗಳ ಮೇಲೆಯೇ. ಕಸದ ಗಾಡಿ ಕೊನೆಗೆ ಬರುವುದು ನಮ್ಮ ಕಡೆಗೆ, ಕೋಳಿ ಅಂಗಡಿಯ ತ್ಯಾಜ್ಯ ಮೊದಲು ಬೀಳುವುದು ನಮ್ಮ ಹಿಂದೆ. ಬೆಳಗಿನ ಜಾವ ಪೌರಕಾರ್ಮಿಕ ಬಂಧುಗಳು, ಕತ್ತಲಲ್ಲಿ ಟ್ಯೂಷನ್ನಿಗೆ ಹೋಗುವ ಮಕ್ಕಳು ಆ ಗುಂಪಿನ ನಡುವೆಯೇ ಹಾದುಹೋಗಬೇಕು. ಅವರ ಭಯಕ್ಕೆ ಮೈತ್ರಿಯ ಉಪದೇಶ ಉತ್ತರವಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಹಾಕಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಕಲ್ಲು ಹೊಡೆಯುವುದಕ್ಕಿಂತ ಇದನ್ನು ಕೇಳುವುದು ಕಷ್ಟ, ಯಾಕೆಂದರೆ ನಾಲ್ಕು ಸಲ ಕಚೇರಿಗೆ ಅಲೆಯಬೇಕು.

ಕೊನೆಯದಾಗಿ ಒಂದು ಅನುಮಾನ ಕೆಲವರಿಗೆ ಬರಬಹುದು. ನಿನಗೆ ನೀನೇ ಆಸರೆಯಾಗು ಎಂದ ಬುದ್ಧರ ಮಾರ್ಗದಲ್ಲಿ ಇನ್ನೊಬ್ಬರಿಗೆ ಒರಗುವುದು ದೌರ್ಬಲ್ಯ ಅಲ್ಲವೇ? ನಾವಂತೂ ಯಾರಿಗೂ ಒರಗಬಾರದು ಎಂದು ಹಟ ಹಿಡಿದು ಬೆಳೆದವರು. (ಕನ್ನಡದ ಒರಗು ಎಂಬ ಪದವೂ ವಿಚಿತ್ರ. ಆತುಕೊಳ್ಳುವುದಕ್ಕೂ ಒರಗು, ರಣದಲ್ಲಿ ಸತ್ತು ಬೀಳುವುದಕ್ಕೂ ಒರಗು.)

ಮಹಾಪರಿನಿಬ್ಬಾಣ ಸುತ್ತವನ್ನು ನೆನಪಿಸಿಕೊಳ್ಳಿ. ಕುಸಿನಾರದಲ್ಲಿ ಬುದ್ಧರು ಜೋಡಿ ಸಾಲವೃಕ್ಷಗಳ ನಡುವೆ ಮಲಗಿದ್ದಾರೆ. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಎಲ್ಲರಿಗೂ ಗೊತ್ತು. ಇಷ್ಟು ವರ್ಷ ನೆರಳಿನಂತೆ ಇದ್ದ ಆನಂದ ಒಳಗೆ ಹೋಗಿ ಬಾಗಿಲ ಕಂಬಕ್ಕೆ ಒರಗಿ ಅಳುತ್ತಾ ನಿಲ್ಲುತ್ತಾನೆ. ಅಷ್ಟೆಲ್ಲ ಧಮ್ಮ ಕೇಳಿದವನು, ಎಲ್ಲ ಸುತ್ತಗಳನ್ನೂ ನೆನಪಿಟ್ಟವನು, ಒರಗಲು ಬೇರಾರೂ ಸಿಗದೆ ಮರದ ಕಂಬ ಹಿಡಿದಿದ್ದಾನೆ. ಆನಂದ ಎಲ್ಲಿ ಎಂದು ಬುದ್ಧರು ಕೇಳುತ್ತಾರೆ. ಅಳುತ್ತಿದ್ದಾನೆ ಎಂದು ಭಿಕ್ಷುಗಳು ಹೇಳುತ್ತಾರೆ. ಕರೆತನ್ನಿ ಎನ್ನುತ್ತಾರೆ. ಅಳಬೇಡ ಆನಂದ ಎಂದು ಸಮಾಧಾನ ಮಾಡಿ, ಅಗಲಿಕೆಯ ಬಗ್ಗೆ ನಾನು ಮೊದಲೇ ಹೇಳಿರಲಿಲ್ಲವೇ ಎಂದು ನೆನಪಿಸಿ, ಆಮೇಲೆ ಅವನು ದೀರ್ಘಕಾಲ ಮಾಡಿದ ಸೇವೆಯನ್ನು ಎಲ್ಲರೆದುರು ಹೊಗಳುತ್ತಾರೆ. ಅದರಲ್ಲಿ ಒಂದು ಸಂಗತಿ ಇದೆ. ಆನಂದನ ಮೈತ್ರಿ ಮೂರು ಬಗೆ: ಮೈಯಿಂದ, ಮಾತಿನಿಂದ, ಮನಸ್ಸಿನಿಂದ. ಮೊದಲು ಬರುವುದು ಮೈ. ನೀರು ತಂದಿಟ್ಟದ್ದು, ಚೀವರ ಹೊದಿಸಿದ್ದು, ಜೊತೆಗೆ ನಡೆದದ್ದು. ನಾವು ಕಣ್ಣು ಮುಚ್ಚಿ ಕೂತು ಮನಸ್ಸಿನ ಮೈತ್ರಿಯಿಂದ ಶುರು ಮಾಡುತ್ತೇವೆ, ಮೈಯವರೆಗೆ ಅದು ಬರುವುದೇ ಇಲ್ಲ. ಮನೆಯಲ್ಲಿ ಕಾಯಿಲೆ ಬಿದ್ದ ಅತ್ತೆಯ ಬೆನ್ನಿಗೆ ಕೈ ಕೊಟ್ಟು ಕೂರಿಸುವುದು, ಫೇಲಾಗಿ ಬಂದ ಮಗನ ಪಕ್ಕ ಮಾತಿಲ್ಲದೆ ಕೂರುವುದು, ಬಸ್‌ಸ್ಟಾಂಡಿನಲ್ಲಿ ಹೆದರಿದ ನಾಯಿ ಒರಗಿದಾಗ ಅರ್ಧ ನಿಮಿಷ ಕಾಲು ಎಳೆದುಕೊಳ್ಳದೆ ಇರುವುದು ಎಲ್ಲವೂ ಈ ಮೊದಲನೆಯದಕ್ಕೇ ಸೇರುತ್ತವೆ.

ಬರುವ ಭಾನುವಾರ ಕುಕ್ಕುರ ಜಾತಕವನ್ನು ಪೂರ್ತಿ ಓದೋಣ. ಮಕ್ಕಳನ್ನು ಕರೆತನ್ನಿ, ಪಾಟೀಸವಾಲನ್ನು ಅವರಿಂದಲೇ ಆಡಿಸೋಣ ಎಂದಿದ್ದೇನೆ. ಲಸಿಕೆ ಮತ್ತು ಕಸದ ಗಾಡಿಯ ಬಗ್ಗೆ ಪಂಚಾಯಿತಿಗೆ ಕೊಡುವ ಅರ್ಜಿಯ ಕರಡೂ ಸಿದ್ಧವಿದೆ, ವಂದನೆಗೆ ಬಂದವರು ಸಹಿ ಹಾಕಿ ಹೋಗಿ.

ನಮೋ ಬುದ್ಧಾಯ. ಜೈಭೀಮ್.